ಎರಡು ಗಂಟೆ ನಲವತ್ತು ನಿಮಿಷ

ಆಗಸ್ಟ್ 4, ಸೋಮವಾರ. ಮಧ್ಯಾಹ್ನ 2.15

ಬೆಳಗ್ಗಿನಿಂದ ಏಳು ಜನ. ಅಳತೆಗೆ ಬಂದವರು ನಾಲ್ಕು, ಬರೀ ಬಿಪಿಗೆ ಬಂದವರು ಮೂರು. ಬೇಕರಿಯವಳದು 150/96. ಮಾತ್ರೆ ಬಿಟ್ಟಿದ್ದೀಯಾ ಎಂದರೆ, "ಬಿಟ್ಟಿಲ್ಲ ಆಂಟಿ, ಮರೆತಿದ್ದೀನಿ." ಎಷ್ಟು ದಿನದಿಂದ? "ಎರಡು ತಿಂಗಳು." ಇಂಥ ಮರೆವಿಗೆ ಏನು ಹೇಳುವುದು. ಬೈದೆ. ನಕ್ಕಳು. ಕೋಟಿನ ತೋಳು ಗಿಡ್ಡ ಮಾಡಲು ಕೊಟ್ಟು ಹೋದಳು.

ತೋಳಿನ ಅಳತೆ ತೆಗೆಯುತ್ತಲೇ ಬಿಪಿ ಮೆಷಿನ್ನಿನ ಕಫ್ ಸುತ್ತಿಬಿಡುವುದು ನನ್ನ ಪದ್ಧತಿ. ಬೇಡ ಎನ್ನುವಷ್ಟರಲ್ಲಿ ಗಾಳಿ ತುಂಬಿರುತ್ತದೆ. ಆಸ್ಪತ್ರೆಗೆ ಹೆದರುವವರು ಟೈಲರ್ ಅಂಗಡಿಗೆ ಹೆದರುವುದಿಲ್ಲ. ಗಂಡಸು ಎದೆ ಮುಟ್ಟಿಕೊಂಡರೆ ಮನೆಯೆಲ್ಲ ಎದ್ದು ನಿಲ್ಲುತ್ತದೆ. ಹೆಂಗಸಿಗೆ ಮಾತ್ರ ಯಾವಾಗಲೂ ಗ್ಯಾಸು.

ಒಂದು ಗಂಟೆಗೆ ಗುಬ್ಬಿ ಫೋನ್ ಮಾಡಿದಳು. "ಚಿಕ್ಕಮ್ಮಾ, ನಿಂತಿದ್ದೀಯಾ ಕೂತಿದ್ದೀಯಾ? ಕೂತ್ಕೋ." ಹೃದಯದ ಆರೋಗ್ಯಕ್ಕೆ ದುಡಿದ ಸಾಮಾನ್ಯ ಜನರಿಗೆ ಯಾವುದೋ ಸಂಸ್ಥೆ ಕೊಡುವ ಗೌರವವಂತೆ. ಈ ವರ್ಷ ಐದು ಜನಕ್ಕೆ. ಅದರಲ್ಲಿ ನಾನೊಬ್ಬಳು. ಅರ್ಜಿ ಹಾಕಿದವಳು ಅವಳೇ — ನನಗೊಂದು ಮಾತೂ ಹೇಳದೆ. ಅಕ್ಕನ ಮಗಳು, ಒಂಬತ್ತು ವರ್ಷದಿಂದ ನನ್ನ ಕೈ ಅಡುಗೆ ತಿಂದು ಬೆಳೆದವಳು. ಈಗ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾಳೆ.

ಸಂತೋಷ ಆಗಬೇಕಿತ್ತು.

ಆಗಸ್ಟ್ 5. ಬೆಳಿಗ್ಗೆ 9

ಅರ್ಜಿಯನ್ನು ಓದಿ ಹೇಳಿದಳು. ತಿಂಡಿ ತಿನ್ನುತ್ತ. ಎರಡು ಪುಟ. ಒಂಬತ್ತು ವರ್ಷದಲ್ಲಿ ಎಷ್ಟು ಹೆಂಗಸರ ಬಿಪಿ ನೋಡಿದೆ, ಎಷ್ಟು ಜನರನ್ನು ಕೈ ಹಿಡಿದು ಡಾಕ್ಟರ ಹತ್ತಿರ ಕೂರಿಸಿದೆ — ಎಲ್ಲ ನನ್ನ ಅಳತೆ ಪುಸ್ತಕದಿಂದ ಕದ್ದು ಎಣಿಸಿದ್ದಾಳೆ. ಚೆನ್ನಾಗಿ ಬರೆಯುತ್ತಾಳೆ. ಅಕ್ಕನ ಹಾಗೆ.

ಎರಡನೆಯ ಪುಟದಲ್ಲಿ ಆ ಸಾಲು. "ನನ್ನ ಅಮ್ಮನಿಗೆ ಒಂದು ನಿಮಿಷವೂ ಸಿಗಲಿಲ್ಲ. ಚಿಕ್ಕಮ್ಮನ ಅಂಗಡಿಗೆ ಬಂದು ಕುಳಿತರು, ಹೋದರು. ಬೇರೆ ಹೆಂಗಸರಿಗೆ ಆ ನಿಮಿಷ ಸಿಗಲಿ ಎಂದು ಚಿಕ್ಕಮ್ಮ ಅಂದಿನಿಂದ ದುಡಿಯುತ್ತಿದ್ದಾರೆ."

"ಹೇಗಿದೆ?" ಎಂದಳು.

ಚೆನ್ನಾಗಿದೆ ಎಂದೆ. ಲೋಟ ತೊಳೆಯಲು ಎದ್ದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಆಗಸ್ಟ್ 6. ಮಧ್ಯಾಹ್ನ

ಬಾಗಿಲ ಬಲಕ್ಕಿರುವ ಬೆಂಚು. ಯಾರೇ ಕೂರಲಿ, ಮೊದಲ ಕ್ಷಣ ಅಕ್ಕ. ಒಂಬತ್ತು ವರ್ಷದಿಂದ ಹೀಗೇ. ಬೆಂಚು ಬದಲಿಸಿದೆ, ಬಣ್ಣ ಹಚ್ಚಿಸಿದೆ, ಎಡಕ್ಕೂ ಎಳೆದು ನೋಡಿದೆ. ಎಡಕ್ಕೂ ಬಂದಳು. ವಾಪಸ್ ಬಲಕ್ಕೇ ಇಟ್ಟೆ.

ದೆವ್ವ-ಗಿವ್ವ ಅಲ್ಲ. ಅಂಥದ್ದನ್ನು ನಂಬುವವಳಲ್ಲ ನಾನು. ಬರೀ ಕೂರುತ್ತಾಳೆ ಅಷ್ಟೆ. ತಲೆ ಬಗ್ಗಿಸಿ. ಮಡಿಲಲ್ಲಿ ಅಂಗಿ. ಎರಡನೆಯ ಕ್ಷಣಕ್ಕೆ ಬೇಕರಿಯವಳಾಗುತ್ತಾಳೆ, ಬ್ಯಾಂಕಿನವಳಾಗುತ್ತಾಳೆ. ಆ ಮೊದಲ ಕ್ಷಣಕ್ಕೆ ಹೆದರಿ ಎಲ್ಲರ ಕೈಗೂ ಕಫ್ ಸುತ್ತುತ್ತೇನೆ. ಇದನ್ನು ಸೇವೆ ಎನ್ನುತ್ತಾರೆ ಜನ.

ಆಗಸ್ಟ್ 12, ಮಂಗಳವಾರ. ಸಂಜೆ 4

ಸಂಸ್ಥೆಯ ಮೇಡಂ ಫೋನ್. ಜೇನಿನಂಥ ದನಿ. ಪ್ರತಿಯೊಬ್ಬರ ಬಗ್ಗೆಯೂ ಎರಡೆರಡು ನಿಮಿಷದ ಫಿಲ್ಮ್ ಮಾಡುತ್ತಾರಂತೆ. "ನೀವು ಹೇಗೆ ಶುರು ಮಾಡಿದ್ರಿ, ಅದೇ ಮುಖ್ಯ ಮೇಡಂ. ಅಕ್ಕನ ಕಥೆ. ಒಂದ್ಸಲ ಹೇಳ್ತೀರಾ?"

ಹೇಳಿದೆ. ಬಂದಳು, ಕೂತಳು, "ಯಾಕೋ ಸುಸ್ತು" ಎಂದಳು, ವಾಲಿದಳು. ಹಳೆಯ ಪ್ಯಾಟರ್ನ್ ಇಟ್ಟು ಕತ್ತರಿಸಿದ ಹಾಗೆ — ಒಂದು ಎಳೆ ಆಚೀಚೆ ಹೋಗಲಿಲ್ಲ. ಆ ಕಡೆಯಿಂದ ಮೂಗು ಸೀಟಿದ ಸದ್ದು. ಪಾಪ, ಅತ್ತರು.

ಮೊದಲ ಸಲ ಈ ಮಾತು ಹೇಳಿದ್ದು ಆಸ್ಪತ್ರೆಯ ಮೆಟ್ಟಿಲಲ್ಲಿ. ಗುಬ್ಬಿಗೆ. ಸ್ಕೂಲ್ ಬ್ಯಾಗ್ ಹೆಗಲಲ್ಲೇ ಇತ್ತು. ಹದಿನಾಲ್ಕು ವರ್ಷ. "ಅಮ್ಮ ಏನಾದ್ರೂ ಹೇಳಿದ್ಳಾ?" ಎಂದು ಕೇಳಿದ್ದಳು. ಇಲ್ಲ ಪುಟ್ಟ, ಹೇಳೋಕೆ ಟೈಮೇ ಆಗಲಿಲ್ಲ ಎಂದೆ. ಮಗು ತಡೆದುಕೊಳ್ಳಲಿ ಎಂದು ಹೇಳಿದ್ದು ಅಂದುಕೊಂಡಿದ್ದೆ.

ಸುಳ್ಳು. ನಾನು ತಡೆದುಕೊಳ್ಳಲಿ ಎಂದು ಹೇಳಿದ್ದು.

ಆಗಸ್ಟ್ 19, ಮಂಗಳವಾರ. ಬೆಳಿಗ್ಗೆ 11

ಕಾಜಾದವಳು ಬಂದಿದ್ದಳು. ಆರು ವರ್ಷ ಆದ ಮೇಲೆ. ಅಕ್ಕ ಹೋದಾಗ ನನ್ನಲ್ಲೇ ಕೆಲಸಕ್ಕಿದ್ದಳು — ದಿನವಿಡೀ ಕಾಜಾ, ಅಂದರೆ ಗುಂಡಿತೂತಿನ ಅಂಚು, ಹೊಲಿಯುವುದು. ಕಣ್ಣು ಮಂಜಾಗಿ ಬಿಟ್ಟಳು. ಈಗ ದಪ್ಪ ಕನ್ನಡಕ. ಸಂಸ್ಥೆಯವರು ಅವಳ ನಂಬರನ್ನು ಗುಬ್ಬಿಯಿಂದ ತೆಗೆದುಕೊಂಡಿದ್ದಾರೆ. "ಆ ದಿನ ಅಂಗಡೀಲಿದ್ದೋರು" ಎಂದು ಫಿಲ್ಮಿಗೆ ಬೇಕಂತೆ.

ಟೀ ತರಿಸಿದೆ. ಸುಮಾರು ಹೊತ್ತು ಮೊಮ್ಮಗನ ಮಾತು, ಮಂಡಿ ನೋವಿನ ಮಾತು. ಕಪ್ ಕೆಳಗಿಟ್ಟು ಹೇಳಿದಳು —

"ಏನ್ ಹೇಳ್ಲಿ ನಾನು?"

"ನಿನಗೆ ಏನು ನೆನಪಿದೆಯೋ..."

"ನಂಗೆ ಎಲ್ಲಾ ನೆನಪಿದೆ. ಅದಕ್ಕೇ ಕೇಳ್ತಿರೋದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

"ನಾನಾಗಿ ಬಾಯಿ ಬಿಡಲ್ಲ ಕಣಮ್ಮ," ಎಂದಳು. "ಒಂಬತ್ತು ವರ್ಷ ಬಿಟ್ಟಿಲ್ಲ. ಆದ್ರೆ ಕ್ಯಾಮೆರಾ ಮುಂದೆ ಸುಳ್ಳು ಹೇಳು ಅನ್ಬೇಡ. ನಂಗೆ ವಯಸ್ಸಾಯ್ತು. ಸುಳ್ಳು ನೆನಪಿಟ್ಕೊಳ್ಳೋ ಶಕ್ತಿ ಇಲ್ಲ."

ಬೇಡ ಎಂದರೂ ಬೆಂಚಿನ ಮೇಲಿದ್ದ ಅಂಗಿ ಎತ್ತಿಕೊಂಡು ನಾಲ್ಕು ಗುಂಡಿ ಹಾಕಿಕೊಟ್ಟೇ ಹೋದಳು. ಕೈ ಸುಮ್ಮನಿರುವುದಿಲ್ಲವಂತೆ.

ಆಗಸ್ಟ್ 20. ಮಧ್ಯಾಹ್ನ 1. ಶಟರ್ ಅರ್ಧ ಇಳಿಸಿದೆ

ಬರೆಯುತ್ತೇನೆ. ಒಂದು ಸಲ. ಯಾರೂ ಓದುವುದಿಲ್ಲ.

ಮೂರು ಗಂಟೆಗೆ ಸ್ಕೂಲಿನ ಅರವತ್ತು ಅಂಗಿ ತಲುಪಬೇಕಿತ್ತು. ತಪ್ಪಿದರೆ ಮುಂದಿನ ವರ್ಷದ ಆರ್ಡರ್ ಬೇರೆಯವರಿಗೆ. ಹನ್ನೊಂದೂ ಹತ್ತಕ್ಕೆ ಅಕ್ಕ ಬಂದಳು. ಗಡಿಯಾರ ನೋಡಿದ್ದು ಗೊತ್ತು. ಇವಳು ಈಗ ಯಾಕೆ ಬಂದಳು ಎಂದುಕೊಂಡು ನೋಡಿದ್ದೆ.

"ದವಡೆ ಹಿಡ್ಕೊಂಡಿದೆ ಕಣೇ. ಬೆನ್ನಲ್ಲೂ ಏನೋ. ಡಾಕ್ಟರ್ ಹತ್ರ ಹೋಗೋಣ ಬರ್ತೀಯಾ?"

ಅಕ್ಕನಿಗೆ ತಿಂಗಳಿಗೊಂದು ಕಾಯಿಲೆ. ಒಂದು ತಿಂಗಳು ಕಿಡ್ನಿ, ಇನ್ನೊಂದು ತಿಂಗಳು ಕಣ್ಣಿನ ನರ. ತೋಳ ಬಂತು ತೋಳ ಕಥೆ. ಮೆಷಿನ್ ನಿಲ್ಲಿಸಲಿಲ್ಲ ನಾನು. "ಗ್ಯಾಸು. ಬಿಸಿನೀರು ಕುಡಿ. ಮೂರು ಗಂಟೆ ಆಗ್ಲಿ, ಹೋಗೋಣ."

ಕುಡಿದಳು. ಕೂತಳು. ಹನ್ನೆರಡಕ್ಕೆ ಇನ್ನೊಂದು ಸಲ — "ಬೆವರ್ತಾ ಇದೆ ಕಣೇ." ಫ್ಯಾನ್ ಅವಳ ಕಡೆ ತಿರುಗಿಸಿದೆ. ಆಮೇಲೆ ನಾನು ಹೇಳಿದ ಮಾತು... ಬರೆಯಲೇಬೇಕು. "ಸುಮ್ನೆ ಕೂತ್ಕೊಂಡು ನರಳೋ ಬದಲು ಗುಂಡಿಯಾದ್ರೂ ಹಾಕು."

ಹಾಕಿದಳು. ಸೂಜಿಗೆ ದಾರ ಪೋಣಿಸಿ ಕೊಡು ಎಂದು ಕಾಜಾದವಳನ್ನು ಕೇಳಿದಳಂತೆ, ಕೈ ನಡುಗುತ್ತೆ ಎಂದು. ನಾನು ನೋಡಲಿಲ್ಲ. ನನ್ನ ಬೆನ್ನು ಅವಳ ಕಡೆಗಿತ್ತು.

ಒಂದೂ ಐವತ್ತಕ್ಕೆ ಕಾಜಾದವಳು ಕೂಗಿದಳು.

ಹನ್ನೊಂದು ಅಂಗಿ ಪೂರ್ತಿ. ಹನ್ನೆರಡನೆಯದಕ್ಕೆ ಮೂರು ಗುಂಡಿ. ಅಂಗಿಗೆ ಐದರಂತೆ ಐವತ್ತೆಂಟು. ಒಂದೂ ಸಡಿಲ ಇರಲಿಲ್ಲ. ಮಾರನೇ ದಿನ ಸ್ಕೂಲಿನವರೇ ಬಂದು ಅಂಗಿಗಳನ್ನು ಒಯ್ದರು. ಕೊಟ್ಟೆ. ಆಮೇಲೆ ಒಂದು ವರ್ಷ ರಸ್ತೆಯಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳ ಎದೆ ನೋಡಿಕೊಂಡು ಓಡಾಡಿದೆ. ಅಕ್ಕ ಗುಂಡಿ ಹಾಕಿದ್ದು ಯಾವ ಮಗುವಿನ ಅಂಗಿಗೆ ಎಂದು. ಅಂಗಿ ಗಿಡ್ಡವಾಗಿರುತ್ತದೆ, ಹರಿದಿರುತ್ತದೆ, ಒರೆಸುವ ಬಟ್ಟೆಯಾಗಿರುತ್ತದೆ. ಈಗಲೂ ನೋಡುತ್ತೇನೆ.

ಮೂರು ತಿಂಗಳ ನಂತರ ಕ್ಲಿನಿಕ್ಕಿನಲ್ಲಿ ಹೆಂಗಸರಿಗೆ ತರಬೇತಿ ಎಂದು ಬೋರ್ಡ್ ನೋಡಿ ಒಳಗೆ ಹೋಗಿದ್ದು. ನರ್ಸ್ ಲಕ್ಷಣಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆದಳು. ದವಡೆ. ಬೆನ್ನು. ಬೆವರು. ಸುಸ್ತು. ಅಕ್ಕನ ಜಾತಕ ಬರೆದ ಹಾಗಿತ್ತು.

ಆಗಸ್ಟ್ 27, ಬುಧವಾರ. ಸಂಜೆ 6.30

ಶೂಟಿಂಗ್ ದಿನ. ಎರಡು ಲೈಟು, ಒಂದು ಕ್ಯಾಮೆರಾ, ಮೂರು ಹುಡುಗಿಯರು, ಮೇಡಂ. ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲ. ಬಿಪಿ ನೋಡುವ ಹಾಗೆ "ಮಾಡಿ ತೋರಿಸಿ" ಎಂದರು. ಪೇಷೆಂಟ್ ಪಾತ್ರಕ್ಕೆ ಪಕ್ಕದ ಝೆರಾಕ್ಸ್ ಅಂಗಡಿಯವಳನ್ನು ಕರೆದೆ. ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಳು. "ನಾನೂ ಸ್ಟಾರ್ ಆಗ್ಬಿಟ್ಟೆ!" ಎಂದು ಬೆಂಚಿನ ಮೇಲೆ ಕೂತಳು.

ಕಫ್ ಸುತ್ತಿದೆ. 192/114.

ಮತ್ತೆ ನೋಡಿದೆ. 194/116.

"ಸೂಪರ್ ಮೇಡಂ, ಈಗ ಅವ್ರ ಮುಖ ನೋಡಿ ಸ್ವಲ್ಪ ನಗಿ," ಎಂದಳು ಕ್ಯಾಮೆರಾ ಹುಡುಗಿ.

ನೋಡಿದೆ. ಲಿಪ್‌ಸ್ಟಿಕ್ಕಿನ ಮೇಲ್ಗಡೆ ಸಣ್ಣ ಬೆವರು. ಹೊರಗೆ ಮೋಡ, ತಂಪು.

"ಏನಾದ್ರೂ ಆಗ್ತಿದೆಯಾ ನಿಂಗೆ?"

"ಏನಿಲ್ಲ ಅಕ್ಕ. ಬೆಳಿಗ್ಗೆಯಿಂದ ಹಲ್ಲು ನೋವು. ದವಡೆಯೆಲ್ಲ ಎಳೀತಿದೆ. ಕ್ಯಾಮೆರಾ ನೋಡಿ ಟೆನ್ಷನ್ನು, ಅದಕ್ಕೇ ಬಿಪಿ."

ಕಫ್ ಕಿತ್ತೆ. ಮೇಡಂ "ಇನ್ನೊಂದೇ ಟೇಕ್" ಎಂದದ್ದು ಕೇಳಿತು. ಏನು ಉತ್ತರ ಕೊಟ್ಟೆನೋ ಗೊತ್ತಿಲ್ಲ, ಆ ಹುಡುಗಿಯರು ಗೋಡೆಗೆ ಅಂಟಿಕೊಂಡರು. ಟ್ಯಾಕ್ಸಿಯಲ್ಲಿ ಝೆರಾಕ್ಸಿನವಳು ಅಂಗಡಿ ತೆರೆದೇ ಬಂದೆ, ಟೋನರ್ ಬದಲಿಸಬೇಕಿತ್ತು ಎಂದು ಗೊಣಗುತ್ತಲೇ ಇದ್ದಳು. ಅವಳ ಕೈ ಬಿಡಲಿಲ್ಲ ನಾನು.

ಗುಬ್ಬಿಯ ಡ್ಯೂಟಿ ಇತ್ತು. ಅವಳು ಕೆಲಸ ಮಾಡುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಎಷ್ಟು ಬೇಗ, ಎಷ್ಟು ಮೆತ್ತಗೆ. ಇಸಿಜಿ ಪಟ್ಟಿ ಹೊರಬಂತು. ಅದನ್ನು ನೋಡಿದಳು, ಮುಖದಲ್ಲಿ ಏನೂ ತೋರಿಸಲಿಲ್ಲ, ಡಾಕ್ಟರನ್ನು ಕರೆಯಲು ಹೋದವಳ ನಡಿಗೆ ಮಾತ್ರ ಓಟ. ಸ್ವಲ್ಪ ಹೊತ್ತಿಗೆ ಒಳಗೆ ಕರೆದೊಯ್ದರು.

ಕಾರಿಡಾರಿನಲ್ಲಿ ನನ್ನ ಭುಜ ಹಿಡಿದು ಹೇಳಿದಳು. "ಸರಿಯಾದ ಟೈಮಿಗೆ ಕರ್ಕೊಂಡ್ ಬಂದೆ ಚಿಕ್ಕಮ್ಮ. ಎರಡು ಮೂರು ಗಂಟೆ ಸಿಕ್ರೆ ಎಷ್ಟೋ ಮಾಡ್ಬಹುದು. ಅಮ್ಮಂಗೆ ಅಷ್ಟೂ ಸಿಗ್ಲಿಲ್ಲ ನೋಡು."

ನಲ್ಲಿ ಹುಡುಕಿಕೊಂಡು ಹೋಗಿ ಮುಖ ತೊಳೆದೆ.

ಸೆಪ್ಟೆಂಬರ್ 3, ಬುಧವಾರ. ಬೆಳಿಗ್ಗೆ

ಝೆರಾಕ್ಸಿನವಳಿಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಅವಳ ಗಂಡ ಬಂದು ನನ್ನ ಎರಡೂ ಕೈ ಹಿಡಿದು ಅತ್ತ. ದೊಡ್ಡ ಮೀಸೆಯ ಮನುಷ್ಯ. ಏನು ಮಾಡಬೇಕೋ ತಿಳಿಯದೆ, "ಮಾತ್ರೆ ಸರಿಯಾಗಿ ಕೊಡಿ" ಎಂದೆ.

ಮೇಡಂಗೆ ಹಬ್ಬ. ಆ ದಿನ ಕ್ಯಾಮೆರಾ ಆಫ್ ಮಾಡಿರಲೇ ಇಲ್ಲವಂತೆ. ಎಲ್ಲ ಸಿಕ್ಕಿದೆ. ಕಾಜಾದವಳದೂ ಬೇರೆ ದಿನ ಶೂಟ್ ಆಯಿತಂತೆ. ತುಣುಕನ್ನು ಗುಬ್ಬಿಗೆ ಕಳಿಸಿದ್ದಾರೆ.

ತಿಂಡಿಯ ಹೊತ್ತಿಗೆ ಫೋನ್ ನನ್ನ ಮುಂದಿಟ್ಟಳು. ದಪ್ಪ ಕನ್ನಡಕ, ಹಿಂದೆ ಅವಳ ಮನೆಯ ನೀಲಿ ಗೋಡೆ. "ಪಾಪ, ಒಳ್ಳೆ ಹೆಂಗಸು. ಗುಂಡಿ ಹಾಕ್ತಾ ಹಾಕ್ತಾನೇ ಹೋಗ್ಬಿಟ್ರು," ಎಂದಳು ಕಾಜಾದವಳು. ಅಷ್ಟೆ. ಸುಳ್ಳು ಹೇಳಲಿಲ್ಲ, ಮಾತೂ ತಪ್ಪಲಿಲ್ಲ.

"ಗುಂಡಿ ಹಾಕ್ತಿದ್ಳಾ ಅಮ್ಮ? ಬಂದು ಕೂತ ತಕ್ಷಣ ಅಂತಿದ್ದೆ ನೀನು."

"ಕೈಗೆ ಎತ್ಕೊಂಡಿದ್ಳು ಅಷ್ಟೆ."

"ಎಷ್ಟು ಗುಂಡಿ?"

ಯಾರೂ ಕೇಳದ ಪ್ರಶ್ನೆ. ಇಸಿಜಿ ಪಟ್ಟಿಯ ಚೌಕ ಎಣಿಸುವವಳು ಮಾತ್ರ ಕೇಳುವ ಪ್ರಶ್ನೆ.

"ಒಂದೋ ಎರಡೋ," ಎಂದೆ.

ತಲೆಯಾಡಿಸಿದಳು. ಬ್ಯಾಗ್ ಹಾಕಿಕೊಂಡಳು. ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದಳು. ನಾನು ತಟ್ಟೆ ನೋಡಿದೆ.

ಸೆಪ್ಟೆಂಬರ್ 9

ಹದಿಮೂರು ಜನ. ಎರಡು ರೀಡಿಂಗ್ ಜಾಸ್ತಿ. ಹೆಂಗಸರು ಪ್ರಶಸ್ತಿಗೆ ಯಾವ ಬಟ್ಟೆ ಹಾಕುತ್ತೀರಿ ಎಂದು ಕೇಳುತ್ತಾರೆ. ಎಲ್ಲರ ಮೈ ಅಳೆಯುವವಳಿಗೆ ಸ್ವಂತ ಅಳತೆ ಗೊತ್ತಿಲ್ಲ ಎಂದು ನಗಿಸಿದೆ.

ಗುಬ್ಬಿ ಊಟ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಾತಾಡುವುದಿಲ್ಲ. ಕೋಪ ಅಲ್ಲ. ಕಾಯುವುದು.

ಸೆಪ್ಟೆಂಬರ್ 14, ಭಾನುವಾರ. ಮಧ್ಯಾಹ್ನ 3

ಹೇಳಿದೆ.

ಬಟ್ಟೆ ಒಣಹಾಕುತ್ತಿದ್ದೆವು, ಇಬ್ಬರೂ, ಬಾಲ್ಕನಿಯಲ್ಲಿ. ಹಾಸಿಗೆ ಹೊದಿಕೆಯ ಆ ತುದಿ ಅವಳು, ಈ ತುದಿ ನಾನು. ಹೊದಿಕೆ ನಡುವೆ ಇತ್ತು, ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಬಾಯಿ ಬಂತೋ ಏನೋ.

"ಐವತ್ತೆಂಟು," ಎಂದೆ.

"ಏನು?"

"ಗುಂಡಿ. ಐವತ್ತೆಂಟು. ಹನ್ನೊಂದೂ ಹತ್ತಕ್ಕೆ ಬಂದ್ಳು. ಡಾಕ್ಟರ್ ಹತ್ರ ಹೋಗೋಣ ಅಂದ್ಳು. ನಾನು ಗ್ಯಾಸು ಅಂದೆ."

ಉಳಿದದ್ದನ್ನೂ ಹೇಳಿದೆ. ಗುಂಡಿಯಾದರೂ ಹಾಕು ಎಂದದ್ದನ್ನೂ.

ಹೊದಿಕೆ ಬಿಡಲಿಲ್ಲ ಅವಳು. ಆ ಕಡೆಯಿಂದ ಪ್ರಶ್ನೆಗಳು ಬಂದವು. ಒಂದೊಂದೇ. ಪೇಷೆಂಟನ್ನು ಕೇಳುವ ದನಿ.

"ಬೆವರು ಯಾವಾಗ ಶುರುವಾಯ್ತು?"

"ಹನ್ನೆರಡಕ್ಕೆ ಹೇಳಿದ್ಳು."

"ವಾಂತಿ?"

"ಇಲ್ಲ."

"ಎಡಗೈ ನೋವು ಅಂದ್ರಾ?"

"ಇಲ್ಲ. ದವಡೆ, ಬೆನ್ನು."

"ಎಷ್ಟು ಗಂಟೆಗೆ ಹೋದ್ರು?"

"ಒಂದೂ ಐವತ್ತು."

ಲೆಕ್ಕ ಹಾಕಿದ್ದು ಕೇಳಿಸಿತು ಎನ್ನಬೇಕು. "ಎರಡು ಗಂಟೆ ನಲವತ್ತು ನಿಮಿಷ," ಎಂದಳು. ಆಮೇಲೆ, "ಅಂಗಡಿಯಿಂದ ಆಸ್ಪತ್ರೆಗೆ ಎಂಟು ನಿಮಿಷ. ನಡೆದ್ರೆ ಇಪ್ಪತ್ತು."

ಹೊದಿಕೆಗೆ ಕ್ಲಿಪ್ ಹಾಕಿದಳು. ಎರಡೂ ತುದಿಗೆ, ನೀಟಾಗಿ. ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿದಳು. ಆಸ್ಪತ್ರೆಯ ಹಾಸ್ಟೆಲಿನಲ್ಲಿ ಫ್ರೆಂಡ್ ರೂಮಿದೆಯಂತೆ.

"ನಿಮ್ಮ ಮಾತ್ರೆ ಫ್ರಿಜ್ ಮೇಲಿದೆ. ತಗೊಳ್ಳಿ," ಎಂದು ಹೊರಟಳು.

ನಿಮ್ಮ. ತಗೊಳ್ಳಿ.

ಒಂಬತ್ತು ವರ್ಷದಲ್ಲಿ ಮೊದಲ ಸಲ ನನಗೆ ಬಹುವಚನ.

ಸೆಪ್ಟೆಂಬರ್ 17

ಮೇಡಂಗೆ ಫೋನ್ ಮಾಡಿದೆ. ನನ್ನ ಹೆಸರು ತೆಗೆಯಿರಿ ಎಂದೆ. ಗಾಬರಿಯಾದರು. ಎಲ್ಲ ಪ್ರಿಂಟಾಗಿದೆಯಂತೆ. "ಯಾಕೆ ಮೇಡಂ? ಹುಷಾರಿಲ್ವಾ?" ಕಾರಣ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೇಕರಿಯವಳು ಬಂದು ಬೆಂಚಿನ ಮೇಲೆ ಕೂತು ತೋಳು ಮಡಚಿ ಕೈ ಮುಂದೆ ಚಾಚಿದಳು. ಆಮೇಲೆ ಮಾಡ್ತೀನಿ ಎಂದು ಇಟ್ಟೆ.

138/88. ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ.

ಸೆಪ್ಟೆಂಬರ್ 21, ಭಾನುವಾರ. ಮಧ್ಯಾಹ್ನ

ಗುಬ್ಬಿ ಬಂದಿದ್ದಳು. ಮನೆಗಲ್ಲ, ಅಂಗಡಿಗೆ. ಈ ಭಾನುವಾರ ನಾನು ಇಲ್ಲೇ ಇರುತ್ತೇನೆ ಎಂದು ಊಹಿಸಿದ್ದಾಳೆ. ಈಗ ಮನೆಯಲ್ಲಿ ಏನಿದೆ. ಯೂನಿಫಾರ್ಮಿನಲ್ಲೇ ಬಂದಳು. ಕೂರಲಿಲ್ಲ. ಬೆಂಚಿನತ್ತ ನೋಡಿ, ಕಟಿಂಗ್ ಟೇಬಲ್ಲಿಗೆ ಒರಗಿ ನಿಂತಳು.

"ಆವತ್ತು ಬೆಳಿಗ್ಗೆ ಅಮ್ಮ ನಂಗೂ ಹೇಳಿದ್ಳು," ಎಂದಳು.

ಕತ್ತರಿ ಕೆಳಗಿಟ್ಟೆ.

"ನಾನು ಶೂ ಹಾಕೋತಿದ್ದೆ. ದವಡೆ ನೋಯ್ತಿದೆ ಪುಟ್ಟ, ಇವತ್ತು ಮನೇಲಿರ್ತೀಯಾ ಅಂದ್ಳು. ನಂಗೆ ಟೆಸ್ಟ್ ಇತ್ತು. ಹಲ್ಲು ಡಾಕ್ಟರಿಗೆ ತೋರ್ಸು ಅಂದ್ಬಿಟ್ಟು ಓಡಿದೆ."

"ನೀನು ಮಗು ಆಗ..."

"ಅದು ಗೊತ್ತು. ಇರಿ, ಮುಗಿಸ್ತೀನಿ." ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. "ಮೆಟ್ಟಿಲ ಮೇಲೆ ನಾನು ಕೇಳಿದ್ದು ಅದಕ್ಕೇ. ಅಮ್ಮ ಏನಾದ್ರೂ ಹೇಳಿದ್ಳಾ ಅಂತ. ನೀವು ಇಲ್ಲ ಅಂದ್ರಿ. ಹಾಗಾದ್ರೆ ಅಮ್ಮ ಹೇಳಿದ್ದು ನಂಗೊಬ್ಬಳಿಗೇ. ಗೊತ್ತಿದ್ದದ್ದು ನಂಗೊಬ್ಬಳಿಗೇ. ಒಂಬತ್ತು ವರ್ಷ ಹಾಗೇ ಅಂದ್ಕೊಂಡೆ ನಾನು. ಇಸಿಜಿ ಕಲಿಯೋಕೆ ಯಾಕೆ ಹೋದೆ ಅಂದ್ಕೊಂಡಿದ್ರಿ?"

ಟೇಬಲ್ ಮೇಲಿದ್ದ ಅಳತೆ ಟೇಪನ್ನು ಸುತ್ತತೊಡಗಿದೆ.

"ನನಗೂ ಹೇಳಿದ್ಳು ಕಣೇ, ನಾನೂ ಕೇಳಿಸ್ಕೊಳ್ಳಲಿಲ್ಲ — ಇಷ್ಟೇ ಒಂದು ಮಾತು. ಅಂದಿದ್ರೆ ಇಬ್ರೂ ಒಟ್ಟಿಗೆ ಅಳ್ಬಹುದಿತ್ತು."

ಕರ್ಚೀಫ್ ತೆಗೆದು ಮೂಗು ಒರೆಸಿಕೊಂಡಳು. ಗೋಡೆಯ ಗಡಿಯಾರ ನೋಡಿ, ಡ್ಯೂಟಿಗೆ ಹೊತ್ತಾಯ್ತು ಎಂದಳು. ಹೋದಳು.

ಗ್ಯಾಸು ಎಂದದ್ದು ಗೊತ್ತಿಲ್ಲದೆ. ಮೆಟ್ಟಿಲ ಮೇಲೆ ಇಲ್ಲ ಎಂದದ್ದು ಗೊತ್ತಿದ್ದು. ಇಷ್ಟು ವರ್ಷ ಬೆಂಚಿನ ಮೇಲಿನ ಅಕ್ಕನಿಗೆ ಹೆದರುತ್ತಿದ್ದೆ. ನನ್ನ ಮನೆಯಲ್ಲೇ, ಆಚೆ ಕೋಣೆಯಲ್ಲೇ ಒಂದು ಮಗು...

ಇವತ್ತು ಇನ್ನು ಬರೆಯಲಾರೆ.

ಸೆಪ್ಟೆಂಬರ್ 28, ಭಾನುವಾರ. ಸಂಜೆ 5.30

ಹೋಗಿದ್ದೆ. ಹೋಗದೆ ಇರುವುದು ಇನ್ನೊಂದು ಸುಳ್ಳಾಗುತ್ತದೆ ಎನ್ನಿಸಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಐದು ಕುರ್ಚಿ. ಕ್ಷೌರದಂಗಡಿಯವನೊಬ್ಬ, ನನ್ನ ಹಾಗೇ ಗಿರಾಕಿಗಳ ಬಿಪಿ ನೋಡುವವನು. ಒಬ್ಬಳು ಬಸ್ ಡ್ರೈವರ್, ಉಸಿರು ನಿಂತ ಇಬ್ಬರನ್ನು ಎದೆ ಒತ್ತಿ ಬದುಕಿಸಿದ್ದಾಳೆ. ಒಬ್ಬಳು ಕ್ಯಾಂಟೀನಿನವಳು, ಸಾವಿರ ಜನ ಕಾರ್ಮಿಕರ ಊಟದಲ್ಲಿ ಉಪ್ಪು ಕಡಿಮೆ ಮಾಡಿ ಮೊದಲ ತಿಂಗಳು ಸರಿಯಾಗಿ ಬೈಸಿಕೊಂಡಳಂತೆ. ಮತ್ತೊಬ್ಬರು ನಿವೃತ್ತ ಡ್ರಿಲ್ ಮಾಸ್ತರು, ಶಾಲೆ ಶಾಲೆ ಸುತ್ತಿ ಮಕ್ಕಳಿಗೆ ಎದೆ ಒತ್ತುವುದನ್ನು ಕಲಿಸುವವರು. ನನ್ನ ಪಕ್ಕ ಕೂತಿದ್ದರು. ನೆಟ್ಟಗೆ, ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡು.

"ನಿಮ್ಮೋರು ಯಾರು?" ಎಂದರು, ನೇರ ಮುಂದೆ ನೋಡುತ್ತ.

"ಅಂದ್ರೆ?"

"ಇಲ್ಲಿ ಕೂತಿರೋರಿಗೆಲ್ಲ ಒಬ್ಬೊಬ್ರು ಇರ್ತಾರಮ್ಮ. ಸುಮ್ನೆ ಯಾರೂ ಈ ಕೆಲ್ಸಕ್ಕೆ ಬೀಳಲ್ಲ. ನನ್ನೋನು ಎಂಟನೇ ಕ್ಲಾಸು. ಸುಸ್ತಾಗ್ತಿದೆ ಸಾರ್ ಅಂದ. ಇನ್ನೊಂದು ರೌಂಡ್ ಓಡು ಅಂದೆ."

"ಅಕ್ಕ," ಎಂದೆ. "ಡಾಕ್ಟರ್ ಹತ್ರ ಹೋಗೋಣ ಅಂದ್ಳು. ಗುಂಡಿ ಹಾಕು ಅಂದೆ."

ತಲೆಯಾಡಿಸಿದರು. ಹೋಗಲಿ ಬಿಡಿ ಎನ್ನಲಿಲ್ಲ. ಅದಕ್ಕೆ ಅವರಿಗೆ ಕೈ ಮುಗಿಯಬೇಕು. ಸ್ವಲ್ಪ ಹೊತ್ತಿಗೆ, "ಫೋಟೋಗೆ ನಗು ಅಂತಾರೆ ನೋಡಿ, ಅದೇ ಕಷ್ಟ," ಎಂದರು.

ನನ್ನ ಸರದಿ. ಅರ್ಜಿ ಬರೆದವರೇ ಅದನ್ನು ಓದಬೇಕು ಎಂದು ಕ್ರಮವಂತೆ. ಗುಬ್ಬಿ ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಬಂದಳು. ಮೈಕಿನ ಎತ್ತರ ಸರಿ ಮಾಡಿಕೊಂಡಳು. ಓದಿದಳು — ಎಷ್ಟು ಹೆಂಗಸರು, ಎಷ್ಟು ರೀಡಿಂಗ್, ಈಗ ಹೊಸದಾಗಿ ಸೇರಿಸಿದ ಝೆರಾಕ್ಸಿನವಳ ಕಥೆ. ಝೆರಾಕ್ಸಿನವಳು ಮೂರನೇ ಸಾಲಿನಲ್ಲಿ ಎದ್ದು ನಿಂತೇಬಿಟ್ಟಳು, ಚಪ್ಪಾಳೆ.

ಎರಡನೆಯ ಪುಟ. "ನನ್ನ ಅಮ್ಮನಿಗೆ —"

ನಿಂತಳು.

ಮೈಕಿನಲ್ಲಿ ಅವಳ ಉಸಿರು. ಜನ ದುಃಖ ಉಕ್ಕಿತೆಂದುಕೊಂಡರು. ಮೇಡಂ ಕಣ್ಣಿಗೆ ಕರ್ಚೀಫ್ ಒತ್ತಿದರು. ನಾನು ಅವಳನ್ನೇ ನೋಡಿದೆ. ಹೇಳಿಬಿಡು, ಎಂದುಕೊಂಡೆ. ನಿಜವಾಗಿ. ಹೇಳಿಬಿಡು ಕಣೇ.

ಹಾಳೆಯಿಂದ ಕಣ್ಣೆತ್ತಿ, "ನನ್ನ ಅಮ್ಮ ಇವರ ಅಕ್ಕ," ಎಂದಳು. ಆ ಸಾಲು ಬಿಟ್ಟು ಮುಂದಿನದನ್ನು ಓದಿ ಮುಗಿಸಿದಳು.

ಸುಳ್ಳನ್ನು ಓದಲಿಲ್ಲ. ನಿಜವನ್ನೂ ಊರಿಗೆ ಹಂಚಲಿಲ್ಲ. ಅದು ನನ್ನದು, ನಾನೇ ಹೇಳಬೇಕು ಎಂದು ಬಿಟ್ಟಳೋ, ಇನ್ನೂ ಬಾಯಿ ಬರಲಿಲ್ಲವೋ. ಫಲಕ ಕೊಟ್ಟರು. ಭಾರ. ಮೈಕ್ ನನ್ನ ಮುಂದೆ ಹಿಡಿದರು. ನಾನು ಹೇಳಿದ್ದು ಇಷ್ಟೇ: "ಅಕ್ಕ ನನಗೆ ಹೇಳಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ನಿಮ್ಮ ಮನೆಯ ಹೆಂಗಸರು ಹೇಳಿದಾಗ ಕೆಲಸ ನಿಲ್ಲಿಸಿ." ಚಪ್ಪಾಳೆ ತಡವಾಗಿ ಬಂತು, ಅಲ್ಲೊಂದು ಇಲ್ಲೊಂದು. ಡ್ರಿಲ್ ಮಾಸ್ತರು ತಟ್ಟಲಿಲ್ಲ. ಎದ್ದು ನಿಂತಿದ್ದರು.

ಇಳಿಯುವಾಗ ಗುಬ್ಬಿ ಮೊಣಕೈ ಹಿಡಿದುಕೊಂಡಳು. ಮೆಟ್ಟಿಲು ಮುಗಿದ ಮೇಲೆ ಬಿಟ್ಟಳು.

ಅಕ್ಟೋಬರ್ 1, ಬುಧವಾರ. ಸಂಜೆ 4.40

ಮಧ್ಯಾಹ್ನ ಅವಳ ಫೋನ್. ಆರು ಗಂಟೆಗೆ ಅಂಗಡಿಗೆ ಬರುತ್ತಾಳೆ.

"ಬೈಯೋಕಲ್ಲ," ಎಂದಳು. "ಎರಡು ಗಂಟೆ ನಲವತ್ತು ನಿಮಿಷ ಅಮ್ಮ ಅಲ್ಲಿ ಕೂತಿದ್ಳಲ್ಲ. ಸುಮ್ನೆ ಕೂರೋಳಲ್ಲ ಅವ್ಳು. ಏನೇನ್ ಮಾತಾಡಿದ್ಳು ಎಲ್ಲಾ ಬೇಕು ನಂಗೆ. ನೋವಿಂದು ಬಿಟ್ಟು, ಬೇರೆದು. ಅಷ್ಟು ಹೊತ್ತಿನ ಅಮ್ಮ ನನ್ನ ಹತ್ರ ಇಲ್ಲ."

ಅದನ್ನು ಯಾವತ್ತೂ ಯೋಚಿಸಿರಲಿಲ್ಲ. ಒಂಬತ್ತು ವರ್ಷ ನನ್ನ ಮಾತುಗಳನ್ನೇ ಹೊರಳಿಸಿ ಹೊರಳಿಸಿ ನೋಡಿದೆ. ಅವಳವು?

ಶಟರ್ ಇಳಿಸಿ ಕೂತಿದ್ದೇನೆ. ನೆನಪಾದಷ್ಟನ್ನು ಬರೆದುಕೊಳ್ಳುತ್ತೇನೆ, ಅವಳು ಬರುವಷ್ಟರಲ್ಲಿ.

ಕೆಳಮನೆಯವರ ಬೆಕ್ಕು ಮೂರು ಮರಿ ಹಾಕಿದೆ ಎಂದಳು. ಒಂದಕ್ಕೆ ಮೀಸೆ ಇದ್ದ ಹಾಗೆ ಕಪ್ಪು ಮಚ್ಚೆ, ತೀರಿಹೋದ ಭಾವನ ಮುಖವೇ ಎಂದು ನಕ್ಕಳು. ಕಾಜಾದವಳೂ ನಕ್ಕಳು.

ಈ ನೀಲಿ ದಾರ ಚೆನ್ನಾಗಿದೆ ಎಂದಳು.

ನಮ್ಮಮ್ಮ ಇದ್ದಿದ್ದರೆ ಈ ಗುಂಡಿ ನೋಡಿ ಏನನ್ನುತ್ತಿದ್ದಳು ಎಂದು ಕೇಳಿದಳು. ನಾನು ಹೂಂ ಎಂದೆ, ಕೇಳಿಸಿಕೊಳ್ಳದೆ.

ಒಂದು ಹಳೆಯ ಹಾಡಿನ ಮೊದಲ ಸಾಲು ಗುನುಗಿದಳು. ಎರಡನೆಯದು ಮರೆತು ಮತ್ತೆ ಮೊದಲನೆಯದು.

ಇನ್ನೊಂದು. ಒಂದೂವರೆ ದಾಟಿತ್ತು. ನಾನು ಕಾಲರ್ ಹೊಲಿಯುತ್ತಿದ್ದೆ, ಮೆಷಿನ್ ಜೋರಾಗಿ ಓಡುತ್ತಿತ್ತು. ಹಿಂದಿನಿಂದ ಏನೋ ಹೇಳಿದಳು. ಉದ್ದದ ಮಾತು. ದನಿ ಸಣ್ಣದಾಗಿತ್ತು. ಮೆಷಿನ್ ನಿಲ್ಲಿಸಿ ಏನು ಎಂದು ಕೇಳಲಿಲ್ಲ. ಮೊದಲ ಪದ ಮಾತ್ರ ಕಿವಿಗೆ ಬಿತ್ತು. ಉಳಿದದ್ದು ಹೊಲಿಗೆಯ ಸದ್ದಿನಲ್ಲಿ... ಇರು. ನೆನಪು ಮಾಡಿಕೊಳ್ಳಬೇಕು. ನಿಧಾನವಾಗಿ ಹೇಳಿದಳು. "ಗುಬ್ಬಿಗೆ" ಎಂದಳು. ಗುಬ್ಬಿಗೆ —